ಜಿ.ಟಿ.ಎಸ್. ಕಲ್ಲು ಸಿಕ್ಕಿತು, ಎತ್ತರ ಮಾತ್ರ ಹೊಂದ್ತಿಲ್ಲ: ಬೆಂಗಳೂರಿನ ಹಳೇ ಸರ್ವೆ ಗುರುತು ಹುಡುಕೋರು ಇಲ್ಲಿ ಬನ್ನಿ

ಮೆಟ್ಟಿಲುಕಲ್ಲು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ನನಗೊಂದು ಚಟ ಅಂಟಿಕೊಂಡಿದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು ಹಳೇ ಕಟ್ಟಡಗಳ ಮೆಟ್ಟಿಲು, ಸೇತುವೆಯ ಕಟ್ಟೆ, ಕೆರೆ ತೂಬಿನ ಕಲ್ಲು ನೋಡ್ತಾ ತಿರುಗೋದು. ಮನೆಯಲ್ಲಿ "ವಾಕಿಂಗ್ ಹೋಗಿದ್ದಾರೆ" ಅಂತ ಹೇಳಿ ಮರ್ಯಾದೆ ಉಳಿಸ್ತಿದ್ದಾರೆ.

ಹುಡುಕ್ತಿರೋದು ಬೆಂಚ್‌ಮಾರ್ಕ್. ಕಲ್ಲಿನ ಮೇಲೆ ಒಂದು ಚೌಕ ಕೆತ್ತಿರ್ತಾರೆ, ಅದರ ಮೇಲ್ಗಡೆ ಇಂಗ್ಲಿಷಿನಲ್ಲಿ ಜಿ.ಟಿ.ಎಸ್., ಕೆಳಗೆ ಬಿ.ಎಂ. ಬ್ರಿಟಿಷರು ಇಡೀ ದೇಶ ಅಳೆದ ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆಯ ಕಾಲದ ಗುರುತು. ಆ ಚೌಕದೊಳಗೆ ಲೆವೆಲಿಂಗ್ ಸ್ಟಾಫ್ (ಅಳತೆಯ ಗೆರೆ ಇರೋ ಉದ್ದನೆ ಕೋಲು) ನಿಲ್ಲಿಸಿದರೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅನ್ನೋದು ಮೊದಲೇ ಅಳೆದಿಟ್ಟಿರುತ್ತೆ.

ಹೋದ ವಾರ ದಂಡಿನ ಪ್ರದೇಶದ ಒಂದು ಹಳೇ ಕಟ್ಟಡದ ಮುಂದೆ ಒಂದು ಸಿಕ್ಕಿತು. ಜಾಗ ಸದ್ಯಕ್ಕೆ ಹೇಳಲ್ಲ, ಕಾರಣ ಕೆಳಗೆ ಮಾತಾಡೋಣ. ಮೆಟ್ಟಿಲಿನ ಮೂಲೆಯಲ್ಲಿ ಸುಣ್ಣ, ಎಲೆ ಅಡಿಕೆ ಉಗುಳು, ಎಲ್ಲದರ ಅಡಿ ಚೌಕದ ಎರಡು ಗೆರೆ ಮಾತ್ರ ಕಾಣ್ತಿತ್ತು. ಬಾಟಲಿ ನೀರು ಸುರಿದು ಒರೆಸಿದೆ. ಮೊದಲು "ಜಿ", ಆಮೇಲೆ "ಟಿ". "ಎಸ್" ಅರ್ಧ ಒಡೆದಿದೆ. ಕಾವಲಿನವರು ಬಂದು ನೋಡಿ "ಏನ್ ಸಾರ್, ಆ ಕಾಲಕ್ಕೇ ಜಿಎಸ್‌ಟಿ ಇತ್ತಾ?" ಅಂದರು!

ಸಮಸ್ಯೆ ಇದು. ಫೋನನ್ನು ಮೆಟ್ಟಿಲ ಮೇಲಿಟ್ಟು ಹತ್ತು ನಿಮಿಷ ಬಿಟ್ಟೆ. ಆ್ಯಪ್‌ನಲ್ಲಿ ಎತ್ತರ 834 ಮೀಟರ್ ಬಂತು. ಟೋಪೋ ಶೀಟಿನಲ್ಲಿ, ಅಂದರೆ ಎತ್ತರ ಗುರುತಿಸಿರೋ ಸರ್ವೆ ನಕ್ಷೆಯಲ್ಲಿ, ಅದೇ ಜಾಗದ ಹತ್ತಿರ 918 ಅಂತ ಇದೆ. 84 ಮೀಟರ್ ಎಲ್ಲಿ ಹೋಯ್ತು? ಇಪ್ಪತ್ತೈದು ಮಹಡಿ ಕಟ್ಟಡದಷ್ಟು ವ್ಯತ್ಯಾಸ. ಫೋನ್ ಹಾಳಾಗಿದೆಯೋ ನಾನು ಹಾಳಾಗಿದೀನೋ ಹೇಳಿ.

ಸಂಶಯಾತ್ಮ

ಮೊದಲ ಪ್ರಶ್ನೆ: ಸಿಕ್ಕ ಮೇಲೆ ಏನು ಮಾಡ್ತೀರಿ? ಫೋಟೋ ತೆಗೆದು ಮನೆಗೆ ಬರೋದಾ?

ಮೆಟ್ಟಿಲುಕಲ್ಲು

ಹೌದು. ಹಕ್ಕಿ ನೋಡೋರು ಹಕ್ಕೀನ ಮನೆಗೆ ತರ್ತಾರಾ?

ನೆಲಮಟ್ಟ (ನಿವೃತ್ತ)

ಫೋನೂ ಸರಿ ಇದೆ, ನೀವೂ ಸರಿ ಇದ್ದೀರಿ. ಮೂವತ್ತೊಂದು ವರ್ಷ ಲೆವೆಲ್ ಯಂತ್ರದ ಹಿಂದೆ ಒಂದು ಕಣ್ಣು ಮುಚ್ಚಿಕೊಂಡು ನಿಂತವನು ನಾನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಜಿಪಿಎಸ್‌ಗೆ ಸಮುದ್ರ ಅಂದರೆ ಏನು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಭೂಮಿಯ ಆಕಾರಕ್ಕೆ ಹತ್ತಿರವಾದ ಒಂದು ನುಣುಪಾದ ಮೊಟ್ಟೆ, ಲೆಕ್ಕಕ್ಕೆ ಅಂತ ಮಾಡಿಕೊಂಡಿದ್ದು. ಅದರ ಮೈಯಿಂದ ಎಷ್ಟು ಮೇಲಿದ್ದೀರಿ ಅಂತ ಹೇಳುತ್ತೆ. ನಾವು ಲೆವೆಲ್ಲಿನಲ್ಲಿ ಅಳೆಯೋದು ನೀರು ನಿಲ್ಲೋ ಮಟ್ಟದಿಂದ. ನೀರು ಗುರುತ್ವ ಹೇಳಿದಂತೆ ಕೇಳುತ್ತೆ, ಮೊಟ್ಟೆ ಹೇಳಿದಂತೆ ಅಲ್ಲ. ನಮ್ಮ ದಕ್ಷಿಣ ಭಾರತದ ಕಡೆ ಗುರುತ್ವ ಸ್ವಲ್ಪ ಕಮ್ಮಿ, ಅದಕ್ಕೆ ಈ ನೀರಿನ ಮಟ್ಟ ಆ ಮೊಟ್ಟೆಗಿಂತ ಕೆಳಗೆ ಕುಸಿದಿದೆ. ಬೆಂಗಳೂರಿನಲ್ಲಿ ಆ ಕುಸಿತ ಸುಮಾರು 86 ಮೀಟರ್. 834ಕ್ಕೆ 86 ಸೇರಿಸಿ, 920 ಬಂತಲ್ಲ? ಎರಡು ಮೀಟರ್ ಫೋನಿನ ತಪ್ಪು, ಅದಕ್ಕೆ ಅಷ್ಟು ಮಾಫಿ ಮಾಡಬೇಕು. ಕೆಲವು ಆ್ಯಪ್‌ಗಳು ಈ ಲೆಕ್ಕ ತಾವೇ ಸರಿಮಾಡಿ ತೋರಿಸುತ್ತವೆ, ಕೆಲವು ಹಸಿಹಸಿಯಾಗಿ ತೋರಿಸುತ್ತವೆ. ನಿಮ್ಮದು ಎರಡನೇ ಜಾತಿ.

ಈಗ ನನ್ನ ಪ್ರಶ್ನೆ. ಗುರುತು ಇರೋದು ನೆಲದಿಂದ ಎಷ್ಟನೇ ಮೆಟ್ಟಿಲ ಮೇಲೆ?

ಮೆಟ್ಟಿಲುಕಲ್ಲು

ಸರ್, ಅದ್ಭುತ. ನೂರಾರು ಕೋಟಿಯ ಉಪಗ್ರಹಕ್ಕೆ 86 ಮೀಟರ್ ಸಾಲ ಕೊಟ್ಟ ಹಾಗಾಯ್ತು.

ಗುರುತು ಮೊದಲನೇ ಮೆಟ್ಟಿಲ ಮೇಲೆ. ಅದೂ ರಸ್ತೆಯಿಂದ ನಾಲ್ಕು ಬೆರಳು ಮೇಲಷ್ಟೇ.

ಟಾಟಾಇನ್‌ಸ್ಟಿಟ್ಯೂಟ್ ಕ್ಯಾಂಟೀನ್

ನೆಲಮಟ್ಟ ಸರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. ಈ ಕುಸಿತದ ತಳ ಇರೋದು ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ 106 ಮೀಟರ್, ಇಡೀ ಭೂಮಿಯಲ್ಲೇ ಅತಿ ಆಳ. ಯಾಕೆ ಹೀಗೆ ಅನ್ನೋದಕ್ಕೆ 2023ರಲ್ಲಿ ನಮ್ಮ ಐಐಎಸ್‌ಸಿಯವರೇ ಒಂದು ವಿವರಣೆ ಕೊಟ್ಟರು, ಭೂಮಿಯೊಳಗಿನ ಬಿಸಿ ಹಗುರ ವಸ್ತು ಮೇಲೇರಿದ್ದರಿಂದ ಅಂತ. ಅದೇ ಕ್ಯಾಂಪಸ್ಸಿನಲ್ಲಿ ಒಂದು ಜಿಪಿಎಸ್ ಆಂಟೆನಾ ಶಾಶ್ವತವಾಗಿ ಕೂತಿದೆ, ಜಗತ್ತಿನ ಜಾಲಕ್ಕೆ ಸೇರಿದ್ದು. ಅದರ ದಾಖಲೆಯ ಎತ್ತರ 844 ಮೀಟರಿನ ಹತ್ತಿರ. ಕ್ಯಾಂಪಸ್ಸು ಸಮುದ್ರ ಮಟ್ಟದಿಂದ 900ಕ್ಕೂ ಮೇಲಿದೆ ಅಂತ ಎಲ್ಲರಿಗೂ ಗೊತ್ತು. ಮೊದಲ ಸಲ ನೋಡಿದಾಗ ನಾನೂ ನಿಮ್ಮ ಹಾಗೇ ತಲೆ ಕೆರ್ಕೊಂಡಿದ್ದೆ.

ರಾಜಾಜಿನಗರ ರಾಘು

ಬೆಂಗಳೂರಲ್ಲಿ ಎವರೆಸ್ಟ್ ಸಾಹೇಬ ಅಳತೆ ಮಾಡಿದ್ದು ಅಂತ ಕೇಳಿದ್ದೆ. ಮೇಖ್ರಿ ಸರ್ಕಲ್ ಹತ್ತಿರ ಗೋಪುರ ಇದೆಯಲ್ಲ, ಅದು ಅವನದ್ದೇ?

ಟಾಟಾಇನ್‌ಸ್ಟಿಟ್ಯೂಟ್ ಕ್ಯಾಂಟೀನ್

ಅಲ್ಲ ರಾಘು. ಇಲ್ಲಿ ಮೊದಲು ಸರಪಳಿ ಎಳೆದವನು ವಿಲಿಯಂ ಲ್ಯಾಂಬ್ಟನ್. ಟಿಪ್ಪು ಬಿದ್ದ ಮರುವರ್ಷ, 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಬೆಂಗಳೂರಿನ ಪಕ್ಕ ಏಳೂವರೆ ಮೈಲಿಗೆ ಸ್ವಲ್ಪ ಕಡಿಮೆ ಉದ್ದದ ಬೇಸ್‌ಲೈನ್ (ಉಳಿದ ಅಳತೆಗೆಲ್ಲ ಆಧಾರವಾಗೋ ನೇರ ಗೆರೆ) ಅಳೆದ. ಎವರೆಸ್ಟ್ ಅವನ ಕೈಕೆಳಗೆ ಸೇರಿದ್ದು 1818ರಲ್ಲಿ. ಸರ್ಕಾರ ಏಪ್ರಿಲ್ 10ನ್ನು ಸರ್ವೆ ದಿನ ಅಂತ ಆಚರಿಸುತ್ತೆ, 1802ರಲ್ಲಿ ಅದೇ ದಿನ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಬೇಸ್‌ಲೈನ್ ಶುರುವಾಯ್ತು ಅಂತ. ನಮ್ಮೂರಿನದು ಅದಕ್ಕಿಂತ ಒಂದೂವರೆ ವರ್ಷ ಹಳೇದು. ಕೇಕ್ ಕತ್ತರಿಸೋದು ಮಾತ್ರ ಅವರು.

ಆ ಸರಪಳಿಯ ಕಥೆ ಇನ್ನೂ ಚೆನ್ನಾಗಿದೆ. ನೂರು ಅಡಿ ಉದ್ದ, ಎರಡೂವರೆ ಅಡಿಯ ನಲವತ್ತು ಉಕ್ಕಿನ ಕೊಂಡಿ. ಬ್ರಿಟನ್ನಿನ ಮೆಕಾರ್ಟ್ನಿಯ ರಾಯಭಾರ ತಂಡ ಅದನ್ನ ಚೀನಾದ ಚಕ್ರವರ್ತಿಗೆ ಉಡುಗೊರೆ ಅಂತ ತಗೊಂಡು ಹೋಗಿತ್ತು, ಅವನಿಗೆ ಬೇಡವಾಯ್ತು. ತಂಡದಲ್ಲಿದ್ದ ಡಿನ್‌ವಿಡ್ಡಿ ಅನ್ನೋನು ಅದನ್ನ ಕಲ್ಕತ್ತಾಕ್ಕೆ ತಂದ, ಲ್ಯಾಂಬ್ಟನ್‌ಗೆ ಸಿಕ್ಕಿತು. ಚಕ್ರವರ್ತಿ ಬೇಡ ಅಂದಿದ್ದು ಬೆಂಗಳೂರಿನ ಕೆಂಪು ಮಣ್ಣಿನ ಮೇಲೆ ಬಿಸಿಲು ಬೀಳದ ಹಾಗೆ ಮರೆ ಮಾಡಿಸಿಕೊಂಡು ಮಲಗಿತ್ತು.

ಮೇಖ್ರಿ ಸರ್ಕಲ್ ಹತ್ತಿರ ಕೆಂಪೇಗೌಡರ ಗಡಿಗೋಪುರವೂ ಇದೆ, ನೀವು ನೋಡಿರೋದು ಬಹುಶಃ ಅದು. ಸರ್ವೆಯ ಗೋಪುರ ಬೇರೆ. 1868ರಲ್ಲಿ ಮತ್ತೊಂದು ಬೇಸ್‌ಲೈನ್ ಅಳೆದಾಗ ಅದರ ಒಂದು ತುದಿ ಮೇಖ್ರಿ ಸರ್ಕಲ್ ಕಡೆ, ಇನ್ನೊಂದು ತುದಿ ಹೆಣ್ಣೂರು ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ.

ಹೆಣ್ಣೂರ್ ಕ್ರಾಸ್

ಕಣ್ಣೂರಿನ ಗೋಪುರ ಈಗ ಇಲ್ಲ. 2024ರಲ್ಲಿ ನೆಲಸಮ ಆಯ್ತು. ಅದನ್ನ ದುರಸ್ತಿ ಮಾಡಬೇಕು ಅನ್ನೋ ಮಾತು ನಡೀತಾ ಇತ್ತು, ಅಷ್ಟರಲ್ಲಿ.

ನಮ್ಮ ಅಜ್ಜಿ ಮನೆ ಆ ಕಡೆ. ಚಿಕ್ಕವಳಿದ್ದಾಗ ಬೇಸಿಗೆ ರಜದಲ್ಲಿ ಅದರ ನೆರಳಲ್ಲಿ ಕೂತು ಹುಣಸೆಕಾಯಿ ತಿಂದಿದ್ದೀವಿ. ಅದು ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ದೊಡ್ಡವಳಾದ ಮೇಲೆ ಪೇಪರ್‌ನಲ್ಲಿ ಓದಿ "ಅಯ್ಯೋ ಇದು ನಮ್ಮದೇ ಅಲ್ವಾ" ಅನ್ನಿಸ್ತು. ಓದಿದ ಮೇಲೆ ಒಂದೇ ಸಲ ಹೋಗೋಕಾಗಿದ್ದು.

ಸಂಶಯಾತ್ಮ

ಬೇಜಾರಿನ ಸಂಗತಿ. ಆದರೆ ನಿಜ ಹೇಳಿ, ಉಪಗ್ರಹದ ಕಾಲದಲ್ಲಿ ಈ ಕಲ್ಲುಗಳಿಂದ ಯಾರಿಗೆ ಏನು ಉಪಯೋಗ? ಎತ್ತರ ಗೊತ್ತಾದ್ರೆಷ್ಟು ಬಿಟ್ರೆಷ್ಟು?

ಮುಳುಗಡೆ ಮಂದಿ

ಸಂಶಯಾತ್ಮ ಅವರ, ಎತ್ತರ ಗೊತ್ತಾದ್ರೆಷ್ಟು ಅಂತ ಬಾಗಲಕೋಟಿಗೆ ಬಂದು ಕೇಳ್ರಿ. ನಮ್ಮ ಮನಿ ಹೋಗಿದ್ದು ಒಂದು ನಂಬರಿನ ಮ್ಯಾಲ. ಆಲಮಟ್ಟಿ ಡ್ಯಾಮ್ 519.60 ಮೀಟರ್ ಅಂತ ದಿನಾ ಪೇಪರ್‌ನ್ಯಾಗ ಬರತೈತಲ್ಲ, ಅದು ಡ್ಯಾಮಿನ ಬುಡದಿಂದ ಅಲ್ಲ, ಸಮುದ್ರದಿಂದ. ನಮ್ಮ ಕಡೆ ಶಾಲಿ ಮೆಟ್ಟಲಾ ಹತ್ತದವರೂ "ನಮ್ಮ ಹೊಲ ಎಷ್ಟು ಮೀಟರಿನ್ಯಾಗ ಬರತೈತಿ" ಅಂತ ಮಾತಾಡ್ತಿದ್ರು. ಅಣ್ಣನ ಮನಿ ಒಳಗ, ತಮ್ಮನ ಮನಿ ಹೊರಗ, ನಡುವ ಒಂದ ಗ್ವಾಡಿ. ಲೆವೆಲ್ ಮಾಡಾಕ ಬಂದ ಹುಡುಗ್ರಿಗೆ ನಮ್ಮವ್ವ ಚಾ ಮಾಡಿ ಕೊಟ್ಟಿದ್ಲು, ಯಂತ್ರ ಸ್ವಲ್ಪ ಮ್ಯಾಲ ತೋರಸಲಿ ಅಂತ. ತೋರಸಲಿಲ್ಲ ಬಿಡ್ರಿ.

ಮೈಸೂರು ಪಾಕ

ನಮ್ಮ ಕೆಆರ್‌ಎಸ್‌ದು 124.80 ಅಡಿ ಅಂತಾರಲ್ಲ, ಅದೂ ಸಮುದ್ರದಿಂದಲಾ? ಸಮುದ್ರ ಅಷ್ಟು ಹತ್ತಿರ ಇಲ್ವಲ್ಲ 🙂

ನೆಲಮಟ್ಟ (ನಿವೃತ್ತ)

ಮೈಸೂರು ಪಾಕ, ಅದು ಅಲ್ಲೇ ನದಿಯ ತಳದಿಂದ ಎಣಿಸಿದ್ದು. ತುಂಗಭದ್ರಾ 1633 ಅಡಿ ಅಂದರೆ ಮತ್ತೆ ಸಮುದ್ರದಿಂದ. ಒಂದೇ ಪುಟದಲ್ಲಿ ಮೂರೂ ಜಲಾಶಯದ ಮಟ್ಟ ಅಚ್ಚಾಗುತ್ತೆ, ಸೊನ್ನೆ ಬೇರೆ ಬೇರೆ. ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯರು ಹೇಳ್ತಿದ್ದಿದ್ದು ಇಷ್ಟೇ: ಆರ್‌ಎಲ್ (ಲೆಕ್ಕ ಹಾಕಿದ ಎತ್ತರ) ಎಷ್ಟು ಅಂತ ಕೇಳೋ ಮೊದಲು ಯಾವ ಬಿಎಂ ಅಂತ ಕೇಳು. ಈಗಲೂ ಎಷ್ಟೋ ಸೈಟಿನಲ್ಲಿ ಮೂಲೆಯ ಕಾಂಕ್ರೀಟ್ ಕಲ್ಲಿಗೆ ಕೆಂಪು ಬಣ್ಣ ಬಳಿದು "100.000" ಅಂತ ಬರೆದು ಕೆಲಸ ಶುರು ಮಾಡ್ತಾರೆ. ಅದು ಟಿಬಿಎಂ, ತಾತ್ಕಾಲಿಕ ಬೆಂಚ್‌ಮಾರ್ಕ್, ಆ ಸೈಟಿನ ಸ್ವಂತ ಸಮುದ್ರ. ಪಕ್ಕದ ಸೈಟಿನವನದ್ದೂ 100.000. ಇಬ್ಬರ ಚರಂಡಿ ಸೇರೋ ಕಡೆ ನೀರು ನಿಲ್ಲುತ್ತೆ.

ಮುಳುಗಡೆ ಮಂದಿಯವರೇ, ನಾನೂ ಆ ಕಡೆ ಎರಡು ವರ್ಷ ಕೆಲಸ ಮಾಡಿದ್ದೀನಿ. ನಿಮ್ಮ ಊರಿನಲ್ಲಲ್ಲ, ಆದರೆ ಅಂಥ ಚಹಾ ಕುಡಿದಿದ್ದೀನಿ. ಇದಕ್ಕಿಂತ ಹೆಚ್ಚು ಬರೆಯೋಕಾಗಲ್ಲ.

ಕಾಳೀತೀರ

ಎಲ್ಲರೂ ಸಮುದ್ರ ಸಮುದ್ರ ಅಂತಿದ್ದೀರಿ, ಯಾವ ಸಮುದ್ರ ಅಂತ ಯಾರೂ ಕೇಳಲೇ ಇಲ್ಲ ಮಾರಾಯ್ರೆ! ದೇಶದ ಲೆವೆಲ್ ಜಾಲವನ್ನು 1909ರಲ್ಲಿ ಹೊಂದಿಸಿದಾಗ ಸೊನ್ನೆ ಇಟ್ಟದ್ದು ಒಂಬತ್ತು ಬಂದರುಗಳ ಉಬ್ಬರ ಇಳಿತದ ಸರಾಸರಿಯ ಮೇಲೆ. ಕರಾಚಿ, ಮುಂಬಯಿ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದ್ರಾಸು, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್. ಕಾರವಾರ ಇದೆ ನೋಡಿ. ನಿಮ್ಮ ದಂಡಿನ ಮೆಟ್ಟಿಲಿನ 918ರಲ್ಲಿ ನಮ್ಮೂರ ತೆರೆಯ ಪಾಲೂ ಇದೆ. ಒಂದು ಮೀನೂಟದ ಬಾಕಿ ಅಂತ ಬರೆದಿಟ್ಕೊಳ್ಳಿ.

ಮೆಟ್ಟಿಲುಕಲ್ಲು

ಕಾಳೀತೀರ ಅವರೇ, ಬಾಕಿ ಒಪ್ಪಿದೆ.

ಹೊಸಬರು ಮೂರ್ನಾಲ್ಕು ಜನ ಹುಡುಕೋದು ಹೇಗೆ ಅಂತ ಖಾಸಗಿಯಾಗಿ ಕೇಳಿದ್ದಾರೆ. ನನ್ನ ರೀತಿ ಹೇಳ್ತೀನಿ. ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ಪೋರ್ಟಲ್‌ನಿಂದ ಟೋಪೋ ಶೀಟ್ ಇಳಿಸಿಕೊಳ್ಳಬಹುದು. ಹಳೇ ಸಂಖ್ಯೆಯಲ್ಲಿ ಬೆಂಗಳೂರು ಎರಡು ಹಾಳೆಗೆ ಹಂಚಿಹೋಗಿದೆ, ಯಾಕಂದ್ರೆ 13 ಡಿಗ್ರಿ ಅಕ್ಷಾಂಶ ಮಲ್ಲೇಶ್ವರದ ಆಸುಪಾಸಿನಲ್ಲಿ ಹಾದುಹೋಗುತ್ತೆ. ಅದರ ಮೇಲಿನದು 57 ಜಿ/12, ಕೆಳಗಿನದು 57 ಎಚ್/9. ನಕ್ಷೆಯಲ್ಲಿ ಬಿಎಂ ಅಂತ ಅಕ್ಷರ ಇದ್ದು ಪಕ್ಕದಲ್ಲಿ ಎತ್ತರ ಇದ್ದರೆ ಬೆಂಚ್‌ಮಾರ್ಕ್, ತ್ರಿಕೋನ ಇದ್ದರೆ ಗುಡ್ಡದ ಮೇಲಿನ ತ್ರಿಕೋನಮಿತಿ ಠಾಣೆ (ಕೋನ ಅಳೆಯೋಕೆ ಯಂತ್ರ ನಿಲ್ಲಿಸ್ತಿದ್ದ ಜಾಗ), ಬರೀ ಚುಕ್ಕಿ ಇದ್ದರೆ ಅಲ್ಲಿ ಏನೂ ಸಿಗಲ್ಲ, ಹೋಗಬೇಡಿ. ನಾನು ಮೊದಲ ಆರು ತಿಂಗಳು ಚುಕ್ಕಿ ಹುಡುಕಿಕೊಂಡು ಜನರ ತೋಟಕ್ಕೆ ನುಗ್ಗಿದ್ದೀನಿ.

ತೀರಾ ಹಳೇ ಶೀಟಿನ ಅಕ್ಷಾಂಶ ರೇಖಾಂಶ ಓದಿ ಹಾಗೇ ಫೋನಿಗೆ ಹಾಕಿದರೆ ನೂರು ಮೀಟರಿಗೂ ಹೆಚ್ಚು ಆಚೀಚೆ ಹೋಗ್ತೀರಿ. ಅದು ಎವರೆಸ್ಟ್ ಹೆಸರಿನ ಬೇರೆ ಮೊಟ್ಟೆಯ ಲೆಕ್ಕ. ಅದರ ಬದಲು ಶೀಟಿನಲ್ಲಿ ಪಕ್ಕದಲ್ಲಿರೋ ಚರ್ಚು, ಸೇತುವೆ, ಬಾವಿ ನೋಡಿಕೊಳ್ಳಿ. ಗುರುತು ಕೆತ್ತುವವರು ನೂರು ವರ್ಷ ಅಲ್ಲಾಡದ ಕಲ್ಲು ಹುಡುಕಿರ್ತಾರೆ. ನೀವೂ ಅದನ್ನೇ ಹುಡುಕಿ.

ತುಮಕೂರು ರಸ್ತೆ

ಇದು ಸಿಕ್ತು ನೋಡಿ, ನಮ್ಮ ಹೊಲದ ಬದುವಿನಲ್ಲಿ. ಕಲ್ಲು ಒಂದೂವರೆ ಅಡಿ ಎತ್ತರ, ತಲೆ ಮೇಲೆ ಗೀಟು ಇದೆ. ಬೆಂಚ್‌ಮಾರ್ಕಾ?

ನೆಲಮಟ್ಟ (ನಿವೃತ್ತ)

ಅದು ಬಾಂದು ಕಲ್ಲು, ಸ್ವಾಮಿ. ಕಂದಾಯ ಸರ್ವೆಯದ್ದು. ಗಡಿ ಹೇಳುತ್ತೆ, ಎತ್ತರ ಹೇಳಲ್ಲ. ಅದರ ಲೆಕ್ಕವೇ ಬೇರೆ: 33 ಅಡಿ ಸರಪಳಿ, 33ಕ್ಕೆ 33 ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ದಯವಿಟ್ಟು ಅಲ್ಲಾಡಿಸಬೇಡಿ, ಪಕ್ಕದ ಹೊಲದವರು ನೋಡಿದರೆ ನಿಮ್ಮ ಹವ್ಯಾಸ ಕೋರ್ಟಿನಲ್ಲಿ ಮುಗಿಯುತ್ತೆ.

ತುಮಕೂರು ರಸ್ತೆ

ತೊಳೆದು ರಂಗೋಲಿ ಪುಡಿ ಹಾಕಿ ಫೋಟೋ ತೆಗೆದಿದ್ದೆ 😔 ಪಕ್ಕದ ಹೊಲದವರು ಆಗಲೇ ನೋಡಿದ್ದಾರೆ.

ಹೆಣ್ಣೂರ್ ಕ್ರಾಸ್

ರಂಗೋಲಿ ಪುಡಿ ಬೇಡ. ಸಂಜೆ ಹೊತ್ತು ಹೋಗಿ, ಸ್ವಲ್ಪ ನೀರು ಚಿಮುಕಿಸಿ, ಟಾರ್ಚನ್ನು ಕಲ್ಲಿಗೆ ತಾಗೋ ಹಾಗೆ ಅಡ್ಡ ಹಿಡಿದರೆ ಸಾಕು. ಎದುರಿಂದ ಬೆಳಕು ಬಿಟ್ಟರೆ ಏನೂ ಕಾಣಲ್ಲ, ಪಕ್ಕದಿಂದ ಬಿಟ್ಟರೆ ಅಕ್ಷರ ಎದ್ದು ನಿಲ್ಲುತ್ತೆ. ಶಾಸನ ಓದೋರು ಹೇಳಿಕೊಟ್ಟಿದ್ದು. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕಿದ ಕಿಟ್ಟಯ್ಯನ ಶಾಸನ ಇದೆಯಲ್ಲ, ಕ್ರಿ.ಶ. 750ರದ್ದು, ಅದು ಮೋರಿ ಕೆಲಸದ ಮಣ್ಣು ತೆಗೆಯುವಾಗ ಬಂದಿದ್ದು. ಸಾವಿರದಿನ್ನೂರು ವರ್ಷದ್ದೇ ಹಾಗೆ ಬಿದ್ದಿತ್ತು ಅಂದ ಮೇಲೆ ನಿಮ್ಮ ಚೌಕ ಯಾವ ಲೆಕ್ಕ.

ಲೀಡ್ಸ್ ಲಿಂಗಾಯತ

ಇಂಗ್ಲೆಂಡಿನಿಂದ. ಇಲ್ಲಿ ಇದು ದೊಡ್ಡ ಹವ್ಯಾಸ. 1936ರಿಂದ ಗುಡ್ಡಗಳ ಮೇಲೆ ಕಾಂಕ್ರೀಟ್ ಕಂಬ ನಿಲ್ಲಿಸಿದ್ದಾರೆ, ಆರು ಸಾವಿರಕ್ಕೂ ಹೆಚ್ಚು. ಅವನ್ನೆಲ್ಲ ಒಂದೊಂದಾಗಿ ಮುಟ್ಟಿ ಬರೋದನ್ನೇ ಜೀವನ ಮಾಡಿಕೊಂಡವರಿದ್ದಾರೆ. ಗೋಡೆಗಳಲ್ಲಿ ಅಡ್ಡಗೆರೆ, ಅದರ ಕೆಳಗೆ ಬಾಣದ ಗುರುತು. ಆ ಗೆರೆಯ ಸೀಳಿಗೆ ಕಬ್ಬಿಣದ ಪಟ್ಟಿ ಸಿಕ್ಕಿಸಿ ಸ್ಟಾಫ್ ಕೂರಿಸೋಕೆ ಬೆಂಚು ಮಾಡ್ತಿದ್ದರಂತೆ, ಬೆಂಚ್‌ಮಾರ್ಕ್ ಅನ್ನೋ ಹೆಸರು ಅಲ್ಲಿಂದಲೇ. ಇಲ್ಲಿ ಎಲ್ಲದರ ಪಟ್ಟಿ ಬಹಿರಂಗ, ಜಾಗ ಬಚ್ಚಿಡೋದಿಲ್ಲ. ನೀವು ಯಾಕೆ ಹೇಳಲ್ಲ ಅಂತೀರಿ?

ಮೆಟ್ಟಿಲುಕಲ್ಲು

ನಿಧಿ, ಸರ್. ನಮ್ಮಲ್ಲಿ ಕಲ್ಲಿನ ಮೇಲೆ ಅರ್ಥವಾಗದ ಗುರುತು ಇದ್ದರೆ ಅದರ ಕೆಳಗೆ ಕೊಪ್ಪರಿಗೆ ಇದೆ ಅಂತ ನಂಬೋ ಜನ ಇದ್ದಾರೆ. ಅಮಾವಾಸ್ಯೆ ರಾತ್ರಿ ಹಾರೆ ತಗೊಂಡು ಬರ್ತಾರೆ, ಬಸವಣ್ಣನ ವಿಗ್ರಹವನ್ನೇ ಬಿಟ್ಟಿಲ್ಲ. ಮಾಗಡಿ ಕಡೆ ಒಂದು ಬೆಟ್ಟದ ತುದಿಯಲ್ಲಿ ಬಂಡೆಗೆ ಕೆತ್ತಿದ ವೃತ್ತ, ನಡುವೆ ಚುಕ್ಕಿ, ಠಾಣೆಯ ಗುರುತು ಸಿಕ್ಕಿತ್ತು. ಖುಷಿಯಿಂದ ಒಂದು ಗುಂಪಿನಲ್ಲಿ ಜಾಗ ಹಾಕಿದೆ. ಮೂರು ತಿಂಗಳು ಬಿಟ್ಟು ಹೋದರೆ ಬಂಡೆ ಸಿಡಿಸಿದ್ದರು. ನನ್ನ ಪೋಸ್ಟ್ ನೋಡೇ ಮಾಡಿದರು ಅಂತ ಹೇಳೋಕೆ ಸಾಕ್ಷಿ ಇಲ್ಲ. ಆದರೆ ಅವತ್ತಿಂದ ಜಾಗ ಹಾಕಿಲ್ಲ.

ಇನ್ನೊಂದು ಕಾಟ ಇದರ ಉಲ್ಟಾ. ಹಳ್ಳಿ ಕಡೆ ನಕ್ಷೆ ಹಿಡಿದು ನಿಂತರೆ "ರಿಂಗ್ ರೋಡಿಗಾ? ಯಾವ ಸರ್ವೆ ನಂಬರ್ ಹೋಗುತ್ತೆ?" ಅಂತ ಸುತ್ತುವರೀತಾರೆ. ಹವ್ಯಾಸ ಅಂದರೆ ನಂಬಲ್ಲ. ಒಬ್ಬ ಅಜ್ಜ ನನಗೆ ಎಳನೀರು ಕುಡಿಸಿ, ಅವರ ಜಮೀನು ಬಿಟ್ಟು ರಸ್ತೆ ಬಗ್ಗಿಸಿ ಅಂತ ಕೈಮುಗಿದರು. ಎಳನೀರಿನ ದುಡ್ಡು ತಗೊಳ್ಳಲೇ ಇಲ್ಲ.

ಸಂಶಯಾತ್ಮ

ಸರಿ, ನಾನು ಸೋತೆ. ಶೀಟ್ ಇಳಿಸಿಕೊಂಡೆ. ನಮ್ಮ ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಒಂದು ಬಿಎಂ ಇದೆ. ಹೋಗಿ ನೋಡಿದೆ, ಈಗ ಅಲ್ಲಿ ಫ್ಲೈಓವರಿನ ಕಂಬ.

ನೆಲಮಟ್ಟ (ನಿವೃತ್ತ)

ಮೆಟ್ಟಿಲುಕಲ್ಲು ಅವರಿಗೆ. ಯಾವ ಮೆಟ್ಟಿಲು ಅಂತ ಸುಮ್ಮನೆ ಕೇಳಿದ್ದಲ್ಲ. ಅಟ್ಟದ ಮೇಲಿದ್ದ ಟ್ರಂಕು ಇಳಿಸಿ ನನ್ನ ಹಳೇ ಲೆವೆಲ್ ಪುಸ್ತಕ ಹುಡುಕಿದೆ. 1986ರಲ್ಲಿ ಆ ಭಾಗದ ಮಳೆನೀರು ಚರಂಡಿಗೆ ಲೆವೆಲ್ ತೆಗೆದಿದ್ದು ನಾನೇ. ನಿಮ್ಮ ಫೋಟೋದಲ್ಲಿರೋ ಒಡೆದ "ಎಸ್" ನೋಡಿದ ತಕ್ಷಣ ಅನುಮಾನ ಬಂತು. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಕಟ್ಟಡದ ಚಿತ್ರ ಬರೆದು "ನೆಲದಿಂದ ಮೂರನೇ ಮೆಟ್ಟಿಲು, ಎಡ ಮೂಲೆ" ಅಂತ ಗುರುತು ಹಾಕಿದ್ದೀನಿ. ನೀವು ಮೊದಲನೇ ಮೆಟ್ಟಿಲು ಅಂತೀರಿ. ಹಾಗಾದರೆ ಇನ್ನೆರಡು ಎಲ್ಲಿ?

ಭಾನುವಾರ ಬಿಡುವಿದ್ದರೆ ನಾನೂ ಬರ್ತೀನಿ. ಮಂಡಿ ನೋವಿದೆ, ಆದರೆ ಮೆಟ್ಟಿಲು ಕಮ್ಮಿಯಾಗಿದೆಯಲ್ಲ.

ಮೆಟ್ಟಿಲುಕಲ್ಲು

ಹೋಗಿ ಬಂದ್ವಿ. ಬರೀತೀನಿ ಅಂದಿದ್ದೆ.

ಸರ್ ಜೊತೆಗೆ ಅವರ ಸ್ವಂತ ಹಳೇ ಡಂಪಿ ಲೆವೆಲ್, ಮರದ ಮುಕ್ಕಾಲಿ, ಮಡಚೋ ಸ್ಟಾಫ್. ಆಟೋದಿಂದ ಇಳಿಸೋವಾಗಲೇ ನಾಲ್ಕು ಜನ ಸೇರಿದರು. ನನ್ನ ಕೈಗೆ ಸ್ಟಾಫ್ ಕೊಟ್ಟು ಚೌಕದ ಮೇಲೆ ನಿಲ್ಲಿಸಿದರು. "ಅಲ್ಲಾಡಬೇಡಿ. ಸ್ವಲ್ಪ ಹಿಂದೆ. ಮುಂದೆ. ಹಾಂ." ಆಮೇಲೆ ರಸ್ತೆ ಅಂಚಿನಲ್ಲಿ ನಿಲ್ಲಿಸಿದರು. ಚೌಕದಿಂದ ರಸ್ತೆಗೆ ಈಗ 8 ಸೆಂಟಿಮೀಟರ್. ಅವರ 1986ರ ಪುಟದಲ್ಲಿ ಅದೇ ಅಂಚಿನ ಓದು ಇತ್ತು, ಕಳೆದರೆ 43 ಸೆಂಟಿಮೀಟರ್. ಎರಡು ಮೆಟ್ಟಿಲು ಡಾಂಬರಿನ ಒಳಗಿವೆ.

ಸರ್ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ನಾನು ಚರಂಡಿಗೆ ಕೊಟ್ಟ ಇಳಿಜಾರೆಲ್ಲ ಹೋಯ್ತಲ್ರೀ" ಅಂದರು. ಅಲ್ಲಿ ಪ್ರತಿ ಮಳೆಗೂ ನೀರು ಕಟ್ಟಡದ ಒಳಗೆ ಬರುತ್ತಂತೆ, ಕಾವಲಿನವರು ಬಾಗಿಲಿಗೆ ಹಲಗೆ ಇಟ್ಟಿದ್ದನ್ನ ತೋರಿಸಿದರು.

ಕಾವಲಿನವರು ಈಗ ಆ ಮೂಲೆಯಲ್ಲಿ ಯಾರನ್ನೂ ಉಗುಳೋಕೆ ಬಿಡ್ತಿಲ್ಲ. "ಸರ್ಕಾರಿ ಜಿಎಸ್‌ಟಿ ಕಲ್ಲು, ಕೇಸ್ ಆಗುತ್ತೆ" ಅಂತ ಹೆದರಿಸ್ತಾರೆ. ತಿದ್ದೋಣ ಅಂತ ಬಾಯಿ ತೆಗೆದೆ, ಸರ್ ಕೈ ಹಿಡಿದು ತಡೆದರು.

ಮೈಸೂರು ಪಾಕ

ಮುಂದಿನ ಭಾನುವಾರ ಎಲ್ಲಿಗೆ? ಸ್ಟಾಫ್ ಹಿಡಿಯೋಕೆ ನಾನು ಬರ್ತೀನಿ.